ವಿಟಮಿನ್ ಡಬ್ಬಿಯ ಮಾತ್ರೆ

ಅಪ್ಪಾ,

ಇವತ್ತು ದಾವಣಗೆರೆಯ ಮೆಡಿಕಲ್ ಕಾಲೇಜಿನಲ್ಲಿ, ಫಸ್ಟ್ ಇಯರ್ ಪ್ರಾಕ್ಟಿಕಲ್‌ಗೆ ಒಬ್ಬರ ಬಿಪಿ ಇನ್ನೊಬ್ಬರು ನೋಡಬೇಕಿತ್ತು. ನನ್ನದು ನೋಡಿದ ಕೃತಿಕಾ, “ಲೇ, ಇನ್ನೂರು ತೋರಿಸ್ತೈತೆ! ಇದು ತೋಳೋ, ಪ್ರೆಷರ್ ಕುಕ್ಕರೋ?” ಅಂತ ನಕ್ಕಳು. ಬಕ್ಕೇಶ್ ಸರ್ ತಾವೇ ಎರಡು ಸಲ ನೋಡಿದರು. ಅವರು ನಗಲಿಲ್ಲ.

“ಏನಾರ ಮಾತ್ರೆ ತಗೊಂತೀಯೇನವ್ವಾ?”

“ವಿಟಮಿನ್ ಸರ್” ಅಂದೆ. ಹಾಸ್ಟೆಲ್‌ನಲ್ಲಿ ಗೊತ್ತಾಗಬಾರದೆಂದು ಡಿಪ್ರೆಶನ್ ಮಾತ್ರೆಗಳನ್ನು ವಿಟಮಿನ್ ಡಬ್ಬಿಗೆ ಸುರಿದುಕೊಂಡಿದ್ದೇನೆ. ನೀನೂ ಇವನ್ನೇ ಹೀಗೆ ಬಚ್ಚಿಟ್ಟು ನುಂಗುತ್ತಿದ್ದೆ. ಸರ್ ನನ್ನ ಕೈ ಬಿಡಲಿಲ್ಲ, ನಿಜ ಹೇಳಿಬಿಟ್ಟೆ.

“ಕೆಲವರಿಗೆ ಆ ಮಾತ್ರೆಯಿಂದಾನೇ ಬಿಪಿ ಏರ್ತೈತೆ. ಹಂಗೇ ಬಿಟ್ಟಿದ್ರೆ ಸ್ಟ್ರೋಕ್ ಆಗ್ತಿತ್ತು, ನಡಿ” ಎಂದು ಕ್ಯಾಶುವಾಲ್ಟಿಗೆ ಕರೆದೊಯ್ದರು. ನಿನ್ನನ್ನು ಒಯ್ದದ್ದೂ ಸ್ಟ್ರೋಕೇ.

ಈಗ ಬಿಪಿ ಇಳಿದಿದೆ, ಮಾತ್ರೆ ಬದಲಾಯಿಸುತ್ತಾರಂತೆ. ಮನೆಯವರ ಹಿಸ್ಟರಿ ಬರೆದುಕೊಳ್ಳುತ್ತಿದ್ದ ನರ್ಸ್‌ಗೆ ನಿನ್ನ ಮಾತ್ರೆ, ನಿನ್ನ ಸ್ಟ್ರೋಕ್ ಎರಡನ್ನೂ ಹೇಳಿದೆ. ಅವರು ಪೆನ್ನು ನಿಲ್ಲಿಸಿ ಕೇಳಿದರು: “ಅದಕ್ಕೂ ಮುಂಚೆ ನಿಮ್ಮಪ್ಪಾರಿಗೆ ತಲೆನೋವು ಏನಾರ ಇತ್ತೇನ್ರಿ?”

ಸ್ಟ್ರೋಕ್‌ಗೆ ಮುಂಚಿನ ಭಾನುವಾರ ಹರಿಹರದ ಮನೆಯಿಂದ ನೀನು ಫೋನ್ ಮಾಡಿ, “ತಲೆ ಸಿಡೀತೈತೆ ಪುಟ್ಟಿ” ಅಂದಿದ್ದೆ. ಟೆಸ್ಟ್ ಇದೆ ಎಂದು ನಾನು ಇಟ್ಟುಬಿಟ್ಟಿದ್ದೆ.

“ಗೊತ್ತಿಲ್ಲ” ಅಂದೆ.