ಪಿಟೀಲು ಎಡಕ್ಕೆ

ಅಪ್ಪಾ,

ನಿನ್ನ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ. ಯಾರೂ ಮುಟ್ಟಬಾರದು ಎಂದಿದ್ದ ರೆಕಾರ್ಡ್ ಪ್ಲೇಯರನ್ನೂ ಮುಟ್ಟಿದ್ದೇನೆ. ನೀನು ಹೋಗಿ ತಿಂಗಳಾಯಿತು, ಇನ್ನು ಬೈಯುವವರು ಯಾರು?

ಇವತ್ತು ಬೆಳಿಗ್ಗೆ ನಿನ್ನ ಮೆಚ್ಚಿನ ಪಿಟೀಲಿನ ರೆಕಾರ್ಡ್ ಹಾಕಿದೆ. ಪಿಟೀಲು ಎಡಕ್ಕೆ ಕೇಳಬೇಕು ಎಂದು ಕವರಿನ ಮೇಲೆ ಚಿತ್ರ ಸಮೇತ ಅಚ್ಚಾಗಿದೆ. ಕೇಳಿದ್ದು ಬಲಕ್ಕೆ. ಆಂಪ್ಲಿಫೈಯರಿನ ಹಿಂದೆ ಬಗ್ಗಿ ನೋಡಿದರೆ ಎರಡೂ ಸ್ಪೀಕರಿನ ತಂತಿಗಳು ಅದಲು ಬದಲು! ಸೂಜಿಗೆ ಚೂರು ಧೂಳು ಕೂತರೂ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದವನು ಇಷ್ಟು ವರ್ಷ ಉಲ್ಟಾ ಕೇಳಿದ್ದಾನೆ ಎಂದು ನಿನ್ನ ಹಳೆಯ ರಿಪೇರಿಯವರಿಗೆ ಫೋನ್ ಮಾಡಿ ನಕ್ಕೆ.

ಅವರು ನಗಲಿಲ್ಲ.

"ತಪ್ಪಲ್ಲಮ್ಮ, ಅವರೇ ಹೇಳಿ ನನ್ನ ಕೈಲಿ ಬದಲಾಯಿಸಿದ್ದು. ಎಡಗಿವಿ ಪೂರ್ತಿ ಹೋಗಿತ್ತಲ್ಲ, ಪಿಟೀಲು ಮಂಕಾಗಿ ಕೇಳುತ್ತೆ ಅಂತಿದ್ರು. ಹತ್ತು ವರ್ಷದ ಮೇಲಾಯ್ತು. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ನೀನು ರಿಪೇರಿಯವರಿಗೆ ಹೇಳಿದೆ, ಮಗಳಿಗೆ ಹೇಳಲಿಲ್ಲ. ಅದೆಂಥ ಜಂಬವಪ್ಪಾ ನಿನ್ನದು?

ತಂತಿಗಳನ್ನು ಸರಿಯಾಗಿ ಸಿಕ್ಕಿಸಿದ್ದೇನೆ. ಮತ್ತೆ ಬದಲಾಯಿಸುವವಳಲ್ಲ. ನನ್ನ ಎರಡು ಕಿವಿಯೂ ನೆಟ್ಟಗಿವೆ. ಕುರ್ಚಿಯಿಂದಲೂ ಏಳುವುದಿಲ್ಲ.

ಎಂಟು ವರ್ಷದ ಹಿಂದೆ, ನಮ್ಮ ಜಗಳದ ಮಾರನೆಯ ದಿನ, ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು, "ಅಪ್ಪ, ಹೋಗ್ತಿದ್ದೀನಿ" ಎಂದೆ. ರೆಕಾರ್ಡ್ ಓಡುತ್ತಿತ್ತು. ನೀನು ತಿರುಗಿ ನೋಡಲಿಲ್ಲ. ನಾನೂ ನಿನ್ನ ಮಗಳೇ, ಎರಡನೇ ಸಲ ಹೇಳಲಿಲ್ಲ.

ಈಗ ಇಲ್ಲಿ ಕೂತು ನೋಡುತ್ತಿದ್ದೇನೆ. ಬಾಗಿಲಿರುವುದು ಈ ಕುರ್ಚಿಯ ಎಡಕ್ಕೆ.