ಎರಡು ಗಾಳದ ದಾರ

ಮಿಡಿಗೇಶಿ
೯ ಫೆಬ್ರವರಿ ೨೦೨೩, ಗುರುವಾರ

ನನ್ನ ಜಯರಾಮಣ್ಣನಿಗೆ ತಂಗಿ ರಾಧಾಮಣಿಯ ನಮಸ್ಕಾರ.

ಹೇಗಿದ್ದೀಯಣ್ಣ? ಊಟಕ್ಕೆ ಏನು ಮಾಡಿಕೊಳ್ಳುತ್ತೀಯ? ಪಾವಗಡದ ಬಿಸಿಲಿನಲ್ಲಿ ಸೋಲಾರ್ ಪ್ಲೇಟ್ ಕಾಯುವಾಗ ತಲೆಗೆ ಟವೆಲ್ ಕಟ್ಟಿಕೊ, ನಿನಗೆ ಬೇಗ ತಲೆನೋವು ಬರುತ್ತದೆ. ನಿನ್ನ ಫೋನು ಯಾವಾಗ ಮಾಡಿದರೂ ಸ್ವಿಚ್ ಆಫ್. ನಿನ್ನ ಜೊತೆ ಕೆಲಸ ಮಾಡುವ ಗಂಗಹನುಮಯ್ಯ ರಜಕ್ಕೆ ಬಂದವನು ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಅವ್ವನ ಜೀವ ಉಳಿಯಬೇಕಾದರೆ ನೀನು ಬರಬೇಕು. ತಮ್ಮ ಅಂಜಿನಮೂರ್ತಿಯ ತಿಥಿ ಮುಗಿಸಿ ನೀನು ಹೋದ ಮೇಲೆ ಕೆರೆಯ ನೀರು ಸ್ವಲ್ಪ ಇಳಿಯಿತು. ಅವನು ಮುಳುಗಿದ ದಿನ ಕಿತ್ತುಹೋದ ನಿನ್ನ ಎರಡು ಗಾಳದ ದಾರದಲ್ಲಿ ಮೇಲಿನ ಗಾಳ ಈಗ ಕಾಣಿಸುತ್ತಿದೆ. ನೀನು ಬೆಂಡಿನ ಚೂರಿಗೆ ಹುಂಜದ ಗರಿ ಸುತ್ತಿ ಚಿಟ್ಟೆಯ ಹಾಗೆ ಮಾಡಿದ್ದೆಯಲ್ಲ, ಅದೇ. ಕೆಳಗಿನ ಗಾಳ ಇನ್ನೂ ಮುಳುಗಿದ ಜಾಲಿಯಲ್ಲೇ ಕಚ್ಚಿಕೊಂಡಿರಬೇಕು. ಗಾಳಿ ಬೀಸಿದರೆ ಗರಿ ಮುಳುಗಿ ಏಳುತ್ತದೆ. ಅವ್ವ ದಿನವೂ ಏರಿಯ ಮೇಲೆ ಕೂತು ಅದನ್ನೇ ನೋಡುತ್ತಾಳೆ. “ಮೇಲ್ಗಡೇದು ಮುಳುಗ್ತೈತೆ ನೋಡು, ಕೆಳಗೆ ಅವ್ನೇ ಎಳೀತಾವ್ನೆ ಕಣಮ್ಮ” ಅನ್ನುತ್ತಾಳೆ. ಗರಿ ಮುಳುಗಿದರೆ ಕೆಳಗೆ ಮೀನು ಬಿದ್ದಿದೆ ಅಂತ ಅವಳಿಗೆ ತೋರಿಸಿಕೊಟ್ಟವನು ನೀನೇ.

ನೀನು ಮೊಬೈಲಿನಲ್ಲಿ ನೋಡಿಕೊಂಡು ಕೆಳಗಿನ ಗಾಳಕ್ಕೆ ತಾಮ್ರದ ತಂತಿ, ಅದರ ಮೇಲೆ ನಮ್ಮ ಕರಿಕುರಿಯ ಉಣ್ಣೆ ಸುತ್ತಿ ನೀರಹುಳ ಮಾಡುತ್ತಿದ್ದಾಗ, “ಗಾಳಕ್ಕೂ ಕಂಬ್ಳಿ ಹೊದುಸ್ತೀಯಲ್ಲಣ್ಣ, ಅದಕ್ಕೂ ಚಳಿಯಾ?” ಅಂತ ಅಂಜಿನಮೂರ್ತಿ ನಕ್ಕಿದ್ದು ಈಗಲೂ ಕೇಳಿಸುತ್ತದೆ. ಜಾಲಿಗೆ ಸಿಕ್ಕಿಕೊಂಡ ಆ ಗಾಳ ಬಿಡಿಸಲು ಅವನು ನೀರಿಗೆ ಇಳಿದದ್ದಕ್ಕೆ ನಿನ್ನನ್ನೇ ಬೈದುಕೊಳ್ಳಬೇಡ. ಕೆರೆ ಒಣಗಿದ್ದ ವರ್ಷಗಳಲ್ಲಿ ನಾವೆಲ್ಲ ಅದರೊಳಗೇ ಕುರಿ ಮೇಯಿಸಿದವರು. “ನಮ್ ಕುರಿ ಮಲಗ್ತಿದ್ದ ಜಾಗ, ಸೊಂಟದ್ಮಟ ಬಂದ್ರೆ ಹೆಚ್ಚು” ಅಂದುಕೊಂಡೇ ಇಳಿದ. ಆದರೆ ಕೆರೆ ತುಂಬುವ ಮೊದಲು ಹೂಳು ತೆಗೆಯಲು ಬಂದ ಜೆಸಿಬಿ ಅಲ್ಲಿ ಬಾವಿಯಂಥ ಗುಂಡಿ ಬಗೆದು ಹೋಗಿತ್ತು. ನೀರು ತುಂಬಿದ ಮೇಲೆ ಅದು ಯಾರಿಗೆ ಕಾಣುತ್ತದೆ? ನೀನಾದರೂ ಹಾಗೇ ಇಳಿಯುತ್ತಿದ್ದೆ.

ಕುಮಾರಸ್ವಾಮಿ ಮಾವ ತೆಪ್ಪ ತಂದು ಆ ದಾರ ಬಿಡಿಸಲು ಹೋಗಿದ್ದ. ಅವ್ವ ಅವನ ಪಂಚೆ ಹಿಡಿದು ನಿಲ್ಲಿಸಿದಳು. “ಯಾರೂ ಮುಟ್ಟಬ್ಯಾಡ್ರಿ. ಕಟ್ಟಿದೋನೇ ಬಂದು ಬುಡುಸ್ಲಿ.” ಕೋಪದಲ್ಲಿ ಹೇಳಿದ್ದಲ್ಲಣ್ಣ. ನಿನ್ನ ತಟ್ಟೆಯನ್ನು ಈಗಲೂ ತೊಳೆದಿಡುತ್ತಾಳೆ. ಅಪ್ಪ ಕೆರೆಯ ಕಡೆ ನೋಡಲಾಗದೆ ಕುರಿ ಹೊಡೆದುಕೊಂಡು ಬುಕ್ಕಾಪಟ್ಟಣದ ಕಡೆ ಹೋಗಿದ್ದಾನೆ. ನಾನೊಬ್ಬಳೇ ಅವಳ ಸೆರಗು ಹಿಡಿದುಕೊಂಡು ಸುತ್ತುತ್ತಿದ್ದೇನೆ.

ದೇವರು ನಿನಗೆ ಗಟ್ಟಿ ಮನಸ್ಸು ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ರಾಧಿ

ವಿ.ಸೂ.: ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಇವತ್ತು ಬೆಳಿಗ್ಗೆ ಅವ್ವ ಎದೆಮಟ್ಟದ ನೀರಿಗೆ ಹೋಗಿಬಿಟ್ಟಿದ್ದಳು. ಬಟ್ಟೆ ಒಗೆಯುತ್ತಿದ್ದ ಶಿವರುದ್ರಮ್ಮ ಜಡೆ ಹಿಡಿದು ಎಳೆದು ತಂದಳು. ಈಗ ಅವ್ವನನ್ನು ಒಳಗೆ ಕೂಡಿ, ಚಿಲಕ ಹಾಕಿ, ಹೊರಗೆ ಕೂತು ಬರೆಯುತ್ತಿದ್ದೇನೆ. “ಹೆತ್ತೋಳ್ನ ಕೂಡಾಕ್ತೀಯೇನೇ” ಅಂತ ಬಾಗಿಲು ಬಡಿಯುತ್ತಲೇ ಇದ್ದಳು. ಬೇರೆ ದಾರಿ ಕಾಣದೆ, ಅಣ್ಣ ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತಾನೆ ಕಣವ್ವ ಅಂದುಬಿಟ್ಟೆ. ಬಡಿಯುವುದು ನಿಂತಿತು. ಈಗ ಕಿಟಕಿಯ ಸರಳು ಹಿಡಿದು ರಸ್ತೆ ನೋಡುತ್ತಾ ನಿಂತಿದ್ದಾಳೆ.