ಬೂದಿಯ ಮುಂಗಾಲು

ಮಾರ್ಚ್ ೧೨, ಮಂಗಳವಾರ

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಕೈಸೇರಿ ವಾರ ದಾಟಿತು. ಉತ್ತರ ತಡವಾಯಿತು, ಬೈದುಕೋ. ಆದರೆ ಅರ್ಧ ಬೈಗುಳ ನಿನ್ನಮ್ಮನಿಗೆ ಮೀಸಲಿಡು, ಪೆನ್ನು ಎಲ್ಲಿಟ್ಟಿದ್ದಳೆಂದು ಅವಳಿಗೇ ಗೊತ್ತಿರಲಿಲ್ಲ. ನಿಮ್ಮ ಕುದುರೆ ಬೂದಿಯ ಕುಂಟು ಈ ತಿಂಗಳಲ್ಲಿ ಹೋಗದಿದ್ದರೆ ನಿಮ್ಮ ಸವಾರಿ ಶಾಲೆಯ ಯಜಮಾನರು ಅವಳನ್ನು ಸಾಗಹಾಕುತ್ತಾರೆ, ನೀನೇ ಬಂದು ನೋಡಪ್ಪ ಎಂದು ಬರೆದಿದ್ದೀಯ. ಈಗ ಬರಲಾಗುವುದಿಲ್ಲ. ಕಾರಣ ಆಮೇಲೆ ಹೇಳುತ್ತೇನೆ. ಲಾಳ ಹೊಡೆಯುವವನ ಮಗಳು ನೀನು, ನಿನ್ನ ಕೈಯಲ್ಲೇ ಆಗುವ ಕೆಲಸ ಇದು. ಬಿಡಿಸಿ ಬರೆಯುತ್ತೇನೆ, ಕಾಗದ ಹಿಡಿದುಕೊಂಡೇ ಲಾಯಕ್ಕೆ ಹೋಗು.

ಮೊದಲು ಅವಳನ್ನು ಗಟ್ಟಿ ನೆಲದ ಮೇಲೆ ನಡೆಸಿ ನೋಡು. ನೋಯುವ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೆತ್ತುತ್ತಾಳೆ. ಆಮೇಲೆ ಹಗ್ಗವನ್ನು ಅಳಿಯಂದಿರ ಕೈಗೆ ಕೊಡು. ಮೊಬೈಲು ಜೇಬಿನಲ್ಲೇ ಇರಲಿ ಎಂದು ನಾನು ಹೇಳಿದೆ ಅನ್ನು. ನೀನು ಬೂದಿಯ ಭುಜದ ಪಕ್ಕ, ಬಾಲದ ಕಡೆ ಮುಖ ಮಾಡಿ ನಿಂತು, ಕಾಲಿನುದ್ದಕ್ಕೂ ಕೈ ಸವರಿಕೊಂಡು ಇಳಿ. ನಮ್ಮಲ್ಲಿ ‘ಕೊಡು’ ಅಂದರೆ ಕುದುರೆಗಳು ಕಾಲು ಕೊಡುತ್ತಿದ್ದವು, ನಿಮ್ಮ ಶಾಲೆಯಲ್ಲಿ ಏನನ್ನುತ್ತಾರೋ. ಎತ್ತಿದ ಕಾಲನ್ನು ನಿನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೋ.

ಗೊರಸಿನ ಸಂದುಗಳಲ್ಲಿ ಕೂತ ಲದ್ದಿ, ಕಲ್ಲು ಎಲ್ಲವನ್ನೂ ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆದು ತೆಗೆ. ನಡುವಿನ ಮೆತ್ತನೆಯ ಭಾಗವನ್ನು ಚುಚ್ಚಬೇಡ. ಮೂಗು ಹತ್ತಿರ ತಂದು ನೋಡು. ಕೊಳೆತ ವಾಸನೆ ಬಂದರೆ ಅದು ಒದ್ದೆ ನೆಲದ ತಪ್ಪು, ಹಾಸು ಬದಲಿಸಿದರೆ ಹೋಗುತ್ತದೆ. ವಾಸನೆ ಇಲ್ಲದಿದ್ದರೆ ಎರಡೂ ಮುಂಗಾಲುಗಳ ಗೊರಸನ್ನು ಕೈಯ ಹಿಂಬದಿಯಿಂದ ಮುಟ್ಟು. ಒಂದು ಬಿಸಿಯಾಗಿದ್ದರೆ ಒಳಗೆ ಕೀವು ಕಟ್ಟಿದೆ. ಹೊಸ ಲಾಳ ಹೊಡೆಸಿದ ಮೇಲೆ ಕುಂಟು ಶುರುವಾಯಿತು ಎಂದಿದ್ದೀಯಲ್ಲ, ನನಗೇನೋ ಇದೇ ಅನಿಸುತ್ತದೆ.

ಇಕ್ಕಳದಿಂದ ಒಂದೊಂದು ಮೊಳೆಯ ಸುತ್ತಲೂ ಮೆಲ್ಲಗೆ ಒತ್ತುತ್ತ ಹೋಗು. ಒಂದು ಕಡೆ ಅವಳು ಸರಕ್ಕನೆ ಕಾಲು ಎಳೆದುಕೊಳ್ಳುತ್ತಾಳೆ. ಆಗ ಗಾಬರಿಯಾಗಬೇಡ, ಸಂತೋಷಪಡು. ನೋವು ಎಲ್ಲಿದೆಯೆಂದು ಅವಳೇ ತೋರಿಸಿಕೊಟ್ಟ ಹಾಗಾಯಿತು. ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ ಪಶುವೈದ್ಯರನ್ನು ಕರೆಸು. ಲಾಳ ಬಿಚ್ಚಿ ಕೀವು ತೆಗೆದರೆ ಯಜಮಾನರ ಗಡುವಿನೊಳಗೆ ನೆಟ್ಟಗೆ ನಡೆಯುತ್ತಾಳೆ. ಎಷ್ಟು ಒತ್ತಿದರೂ ಎಳೆದುಕೊಳ್ಳದ ಕಾಲು ಕಂಡರೆ ಮಾತ್ರ ನನಗೆ ಮೊದಲಿನಿಂದಲೂ ಭಯ. ಬೂದಿಯದು ಅಂಥದಲ್ಲ, ಬಿಡು.

ಇಲ್ಲಿ ಕುಲುಮೆ ಹೊತ್ತಿಸದೆ ಕೆಲವು ದಿನವಾಯಿತು. ಪಕ್ಕದ ಮನೆಯ ಟೈಲರಮ್ಮ ಅಲ್ಲಿ ಬಟ್ಟೆ ಒಣಹಾಕಲೇ ಎಂದು ಕೇಳಿದಳು, ನಿನ್ನಮ್ಮ ಹೂಂ ಅಂದುಬಿಟ್ಟಳು. ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಈಗ ಯಾರದೋ ಶರ್ಟು ಮಲಗಿದೆ. “ಮಗಳು ಹೇಗಿದ್ದಾಳೆ ಅಂತ ಒಂದು ಸಾಲಿಲ್ಲ, ಬರೀ ಕುದುರೆ ಕಾಲು” ಎಂದು ನಿನ್ನಮ್ಮ ಬೆನ್ನ ಹಿಂದೆ ನಿಂತು ಗೊಣಗುತ್ತಿದ್ದಾಳೆ. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡು. ಇಬ್ಬರೂ ನೂರು ಕಾಲ ಚೆನ್ನಾಗಿರಿ, ಬೂದಿಯೂ.

ನಿನ್ನ
ಅಪ್ಪ

ತಾ.ಕ.: ನಿನ್ನಮ್ಮ ಹಾಲು ತರಲು ಹೋದಳು, ಬರಲಾಗದ ಕಾರಣ ಈಗ ಬರೆಯುತ್ತೇನೆ. ಹೋದ ತಿಂಗಳು ಲಾಳದ ಮೊಳೆಯೊಂದು ಬೂಟು ತೂರಿ ನನ್ನ ಅಂಗಾಲಿಗೆ ಹೊಕ್ಕಿತ್ತು. ದಿನವಿಡೀ ಅದರ ಮೇಲೇ ಓಡಾಡಿದೆ, ಗೊತ್ತೇ ಆಗಲಿಲ್ಲ. ಅಡುಗೆಮನೆಯ ನೆಲದ ಮೇಲೆ ರಕ್ತ ಕಂಡು ನಿನ್ನಮ್ಮ ಕೇಳಿದಾಗ, ಬೆಕ್ಕಿಗೆ ಏನೋ ಗಾಯವಾಗಿರಬೇಕು ನೋಡು ಎಂದೆ. ಸಕ್ಕರೆ ಕಾಯಿಲೆಯಂತೆ, ಗಾಯ ಒಳಗೇ ಕೊಳೆತಿದೆಯಂತೆ. ಶುಕ್ರವಾರ ಪಾದ ತೆಗೆಯುತ್ತಾರೆ. ನನಗೆ ಹೆದರಿಕೆಯಾಗಿದೆ, ಆದರೂ ನೀನು ಬೂದಿಯನ್ನು ಬಿಟ್ಟು ಬರಬೇಡ. ಮೊನ್ನೆ ಡಾಕ್ಟರು ಸೂಜಿ ಹಿಡಿದು, ಬೆರಳಿನಿಂದ ಹಿಮ್ಮಡಿಯವರೆಗೆ ಚುಚ್ಚುತ್ತ ಬಂದರು. ಇಷ್ಟು ವರ್ಷ ನನಗೆ ಕುದುರೆಗಳ ಹಗ್ಗ ಹಿಡಿದವಳು ನಿನ್ನಮ್ಮ, ಪಕ್ಕದಲ್ಲಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ಎಳ್ಕೊಳ್ರೀ, ಒಂದ್ಸಲ ಎಳ್ಕೊಳ್ರೀ” ಅಂದಳು.